ನಾನು ಹರಿಹರದಲ್ಲಿ ಜೀನ್ ಚಾಲೂ ಮಾಡಿದ್ದು

ಲಂಚ ಕೊಡದೆ, ಯಾರ ಕಾಲೂ ಹಿಡಿಯದೆ, ಬರೀ ಜೀವಶಾಸ್ತ್ರದ ಬಲದಿಂದ ಒಂದು ಮನೆಯ ಖಾತೆ ಬದಲಾವಣೆ ಮಾಡಿಸಿಬಿಡಬಹುದು ಎಂದು ನಾನು ನಂಬಿದ್ದ ಕಾಲವೊಂದಿತ್ತು. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ದಾವಣಗೆರೆಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಅಧ್ಯಾಪಕ. ವಾಸ ಆನೆಕೊಂಡದ ಬಾಡಿಗೆ ಮನೆ. ವಯಸ್ಸು ಮೂವತ್ತಮೂರು. ಆ ವಯಸ್ಸಿನಲ್ಲಿ ಗಂಡಸಿಗೆ ತನ್ನ ಬುದ್ಧಿಯ ಮೇಲೆ ಇರುವಷ್ಟು ವಿಶ್ವಾಸ ಮುಂದೆ ಯಾವತ್ತೂ ಇರುವುದಿಲ್ಲ. ಇರಲೂಬಾರದು.

ನನ್ನ ಮಾವನವರು ಹರಿಹರದಲ್ಲಿದ್ದ ತಮ್ಮ ಎರಡು ಕೋಣೆಯ ಮನೆಯನ್ನು ಒಬ್ಬಳೇ ಮಗಳಾದ ನನ್ನ ಹೆಂಡತಿ ಗಿರಿಜೆಗೆ ಬರೆದುಕೊಟ್ಟು ತೀರಿಕೊಂಡಿದ್ದರು. ಖಾತೆ ಅವಳ ಹೆಸರಿಗೆ ಆಗಬೇಕಿತ್ತು. ಅದು ಆಗುವುದರೊಳಗೆ ಗಿರಿಜೆಯ ದೊಡ್ಡಪ್ಪನ ಮಗ ಆ ಮನೆಯ ಹಿತ್ತಲಲ್ಲಿ ಒಂದು ಎಮ್ಮೆ ತಂದು ಕಟ್ಟಿದ. ನಾಲ್ಕು ದಿನದ ಮಟ್ಟಿಗೆ ಎಂದ. ಎಮ್ಮೆಯ ಹಿಂದೆ ಮೇವು ಬಂತು. ಮೇವು ನೆನೆಯಬಾರದೆಂದು ತಗಡಿನ ಚಪ್ಪರ ಬಂತು. ಚಪ್ಪರದ ಕೆಳಗೆ ಮಲಗಲು ಒಂದು ಹೊರಸು ಬಂದದ್ದನ್ನು ನೋಡಿದ ದಿನ ಗಿರಿಜೆ ಊಟ ಮಾಡಲಿಲ್ಲ. ಇನ್ನಾರು ತಿಂಗಳು ಹೀಗೇ ಬಿಟ್ಟರೆ ನಮ್ಮ ಮನೆಗೆ ನಾವೇ ನೆಂಟರಾಗಿ ಹೋಗಬೇಕಾಗುತ್ತದೆ ಎಂದಳು.

ಖಾತೆಯ ಕಡತ ಒಂದು ಕಚೇರಿಯಲ್ಲಿತ್ತು. ಯಾವ ಕಚೇರಿ ಎಂದು ಹೇಳುವುದಿಲ್ಲ; ಈಗಲೂ ನನಗೆ ಆ ಕಡೆ ಕೆಲಸ ಬೀಳುತ್ತಿರುತ್ತದೆ. ತಿಂಗಳಿಗೊಂದು ಸಲದಂತೆ ಏಳು ಸಲ ರೈಲು ಹತ್ತಿ ಹೋಗಿ, ಬಾಗಿಲಲ್ಲಿ ನಿಂತು, ಗುಮಾಸ್ತನನ್ನು “ಆಯ್ತೇನ್ರಿ?” ಎಂದು ಕೇಳಿದ್ದೆ. ಅವನು ತಲೆ ಎತ್ತದೆ ಏಳು ಸಲವೂ “ಇಲ್ರಿ” ಎಂದಿದ್ದ. ಮುಂದಕ್ಕೆ ಮಾತು ಬೆಳೆಸುವುದು ನನ್ನ ಸ್ವಾಭಿಮಾನಕ್ಕೆ ಒಗ್ಗದ್ದರಿಂದ ನಾನು ಏಳು ಸಲವೂ ವಾಪಸು ರೈಲು ಹತ್ತಿದ್ದೆ. ಎಂಟನೆಯ ತಿಂಗಳು ನನಗೆ ಜ್ಞಾನೋದಯವಾಯಿತು. ಅವರಿಗೆ ಏನೋ ಬೇಕಾಗಿದೆ. ನಾನು ಕೊಡುವವನಲ್ಲ. ಇದನ್ನು ಗಿರಿಜೆಗೆ ಸಾಕಷ್ಟು ಗಾಂಭೀರ್ಯದಿಂದ ತಿಳಿಸಿದೆ.

“ಅವ್ರು ಕೇಳಿದ್ರೇನ್ರಿ?” ಎಂದಳು.

ಕೇಳಿರಲಿಲ್ಲ. ಕೇಳದೆ ಇರುವುದೇ ಅವರು ಕೇಳುವ ರೀತಿ ಎಂದು ವಿವರಿಸಿದೆ. ಅವಳು ಅಕ್ಕಿ ಆರಿಸುವುದನ್ನು ಮುಂದುವರಿಸಿದಳು.

ಅದೇ ವಾರ ಹರಿಹರದ ಜವಳಿ ವ್ಯಾಪಾರಿ ಮುರಿಗೆಪ್ಪನವರು ಕಾಲೇಜಿಗೆ ಬಂದರು. ಅವರು ಊರಿನ ಒಂದು ಸಂಘದ ಕಾರ್ಯದರ್ಶಿ. ಶ್ರಾವಣದ ಪ್ರತಿ ಸೋಮವಾರ ಸಂಜೆ ಆ ಸಂಘದವರು ಒಂದು ಉಪನ್ಯಾಸ ಏರ್ಪಡಿಸುತ್ತಿದ್ದರು. ಪುರಾಣ, ಪ್ರವಚನ ಕೇಳಿ ಕೇಳಿ ಜನ ತೂಕಡಿಸುವುದಕ್ಕೆ ಶುರು ಮಾಡಿದ್ದಾರೆ, ಈ ಸಲ ಒಂದು ಸೋಮವಾರ ಸೈನ್ಸ್ ಇರಲಿ ಎಂದರು. ಷರತ್ತು ಒಂದೇ: ಅಂಗಡಿಯಲ್ಲಿ ಕೂರುವವರಿಗೂ ತಿಳಿಯುವ ಹಾಗಿರಬೇಕು. ನಾನೂ ಒಂದು ಷರತ್ತು ಹಾಕಿದೆ: ಅಧ್ಯಕ್ಷತೆಗೆ ಆ ಕಚೇರಿಯ ಸಾಹೇಬರನ್ನೇ ಕರೆಯಬೇಕು. ಮುರಿಗೆಪ್ಪನವರಿಗೆ ಆಶ್ಚರ್ಯವಾಯಿತು. ಸಾಹೇಬರು ಬಿಗಿ ಮನುಷ್ಯ, ಊರಿಗೆ ಬಂದು ವರ್ಷವಾದರೂ ಅವರನ್ನು ಯಾರೂ ಯಾವುದಕ್ಕೂ ಕರೆದಿಲ್ಲ ಎಂದರು. ಅವರಿಗೆ ವಿಜ್ಞಾನದಲ್ಲಿ ಆಸಕ್ತಿ ಇರಬಹುದು ಎಂದೆ.

ನನ್ನ ಯೋಜನೆ ಸರಳವಾಗಿತ್ತು. ಸಾಹೇಬರಿಗೆ ಹಾರ, ಶಾಲು, ಫಲತಾಂಬೂಲ. ಅವರು ಪ್ರಸನ್ನರಾಗಿ “ಮೇಷ್ಟ್ರೇ, ನಮ್ಮಿಂದ ಏನಾದರೂ ಆಗಬೇಕೇ?” ಎನ್ನುತ್ತಾರೆ. ನಾನು ನಾಚಿಕೊಂಡು ಕಡತದ ವಿಷಯ ತೆಗೆಯುತ್ತೇನೆ. ಇದು ಲಂಚವಲ್ಲ, ಗೌರವ. ಎರಡರ ನಡುವಿನ ವ್ಯತ್ಯಾಸವನ್ನು ಗಿರಿಜೆಗೆ ಅರ್ಧ ಗಂಟೆ ವಿವರಿಸಿದೆ. ಅಷ್ಟು ಹೊತ್ತು ಬೇಕಾಯಿತು ಎಂಬುದರಿಂದಲೇ ನನಗೆ ಅನುಮಾನ ಬರಬೇಕಿತ್ತು.

ಕಪ್ಪೆಯ ಜೀವನಚಕ್ರ ಹೇಳಿದ್ದರೆ ನಾನು ಇವತ್ತು ಹರಿಹರದಲ್ಲಿ ತಲೆ ಎತ್ತಿಕೊಂಡು ಓಡಾಡುತ್ತಿದ್ದೆ. ಆದರೆ ನಮ್ಮ ಲೈಬ್ರರಿಗೆ ತಿಂಗಳುಗಟ್ಟಲೆ ತಡವಾಗಿ ಬರುತ್ತಿದ್ದ ಒಂದು ವಿದೇಶಿ ಪತ್ರಿಕೆಯಲ್ಲಿ ನಾನು ಹೊಸ ವಿಷಯ ಓದಿದ್ದೆ, ಮತ್ತು ಅದನ್ನು ಓದಿದವನು ನಾನೊಬ್ಬನೇ ಎಂಬ ಸಂಗತಿ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಜೀವಕೋಶದೊಳಗೆ ಜೀನುಗಳು ಹೇಗೆ ಚಾಲೂ ಆಗುತ್ತವೆ ಎಂಬುದು ವಿಷಯ. ನಮ್ಮ ಮೈಯ ಪ್ರತಿ ಕೋಶದಲ್ಲೂ ಒಂದೇ ಬರಹವಿದೆ. ಕಣ್ಣಿನ ಕೋಶದಲ್ಲಿ ಇರುವುದೇ ಹೊಟ್ಟೆಯ ಕೋಶದಲ್ಲೂ ಇದೆ. ಆದರೂ ಕಣ್ಣು ಅನ್ನ ಅರಗಿಸುವುದಿಲ್ಲ, ಹೊಟ್ಟೆ ಪೇಪರು ಓದುವುದಿಲ್ಲ. ಯಾವ ಸಾಲನ್ನು ಯಾವಾಗ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ತೀರ್ಮಾನಿಸುವವರು ಯಾರು? ಆ ಬರಹದ ದಾರದ ಮೇಲೆ ಬಂದು ಕೂರುವ ಕೆಲವು ಪ್ರೋಟೀನುಗಳು. ಈಗ ಅವಕ್ಕೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂಬ ಭಾರಿ ಹೆಸರಿದೆ. ಆಗ ಆ ಹೆಸರು ದಾವಣಗೆರೆಯ ತನಕ ಬಂದಿರಲಿಲ್ಲ.

ಉದಾಹರಣೆಗೆ ನಮ್ಮ ಕರುಳಿನಲ್ಲಿರುವ ಒಂದು ಬ್ಯಾಕ್ಟೀರಿಯವನ್ನು ಆರಿಸಿಕೊಂಡೆ. ಹಾಲಿನ ಸಕ್ಕರೆಯನ್ನು ಒಡೆಯುವ ಕತ್ತರಿಯಂಥ ಒಂದು ಪದಾರ್ಥವನ್ನು ಅದು ತಯಾರಿಸಬಲ್ಲದು. ಆದರೆ ಹಾಲಿನ ಸಕ್ಕರೆ ಇಲ್ಲದಿದ್ದಾಗ ತಯಾರಿಸುವುದಿಲ್ಲ. ಏಕೆಂದರೆ ಆ ಜೀನಿನ ಬಾಗಿಲಲ್ಲೇ ಒಂದು ಪ್ರೋಟೀನ್ ಅಡ್ಡ ಕೂತಿರುತ್ತದೆ. ನಕಲು ತೆಗೆಯಲು ಬಂದ ಕಿಣ್ವ ಮುಂದೆ ಹೋಗಲಾರದೆ ನಿಂತಿರುತ್ತದೆ. ಹಾಲಿನ ಸಕ್ಕರೆ ಬಂದು ಆ ಪ್ರೋಟೀನಿಗೆ ಅಂಟಿಕೊಂಡಾಗ ಅದರ ಆಕಾರ ಬದಲಾಗಿ, ಹಿಡಿತ ಸಡಿಲಾಗಿ, ಅದು ಜಾಗ ಬಿಟ್ಟು ಏಳುತ್ತದೆ. ದಾರಿ ತೆರೆಯುತ್ತದೆ. ಜೀನ್ ಚಾಲೂ.

ಇದನ್ನು ಕನ್ನಡದಲ್ಲಿ ಬರೆಯಲು ಕೂತಾಗ ಪದಗಳು ತಾವಾಗಿ ಬಂದವು. ಡಿ.ಎನ್.ಎ. ಎಂದರೆ ‘ಮೂಲ ದಾಖಲೆ’. ನಕಲು ತೆಗೆಯುವ ಕಿಣ್ವ ‘ನಕಲು ಗುಮಾಸ್ತ’. ಅಡ್ಡ ಕೂತ ಪ್ರೋಟೀನ್ ‘ತಡೆಗಾರ’. ಇಷ್ಟು ಸಲೀಸಾಗಿ ಪದಗಳು ಹೊಳೆದದ್ದು ನನ್ನ ಭಾಷಾಪ್ರತಿಭೆಯಿಂದ ಎಂದುಕೊಂಡೆ. ಏಳು ತಿಂಗಳಿಂದ ನಾನು ಯಾವ ಬಾಗಿಲಲ್ಲಿ ನಿಂತು ಬಂದಿದ್ದೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ಬರೀ ಮಾತಿನಲ್ಲಿ ಹೇಳಿದರೆ ಜನಕ್ಕೆ ತಿಳಿಯದು, ಆಡಿ ತೋರಿಸಬೇಕು ಎಂದು ತೀರ್ಮಾನಿಸಿದೆ. ಒಂದು ಉದ್ದ ಬೆಂಚೇ ಡಿ.ಎನ್.ಎ. ತಡೆಗಾರನ ಪಾತ್ರಕ್ಕೆ ನಮ್ಮ ಲ್ಯಾಬಿನ ಅಟೆಂಡರ್ ನಿಂಗಪ್ಪ. ನಿಂಗಪ್ಪನಿಗೆ ಐವತ್ತು ದಾಟಿತ್ತು. ಅವನು ಬೆಂಚಿನ ಮೇಲೆ ಕೂತರೆ ಉಳಿದವರಿಗೆ ಬೆಂಚಿನ ಸುದ್ದಿಯೇ ಇರುತ್ತಿರಲಿಲ್ಲ. ನಕಲು ಗುಮಾಸ್ತನ ಪಾತ್ರಕ್ಕೆ ಭೌತಶಾಸ್ತ್ರದ ಅಧ್ಯಾಪಕ, ನನ್ನ ಗೆಳೆಯ ರುದ್ರಮುನಿ, ಕಡ್ಡಿಯಂಥ ಮನುಷ್ಯ. ಹಾಲಿನ ಸಕ್ಕರೆಯ ಬದಲು ಪೇಡೆ. ನಾನು ಪೇಡೆ ಕೊಡಬೇಕು, ನಿಂಗಪ್ಪ ಅದನ್ನು ಬಾಯಿಗೆ ಹಾಕಿಕೊಂಡು ಎದ್ದು ಹೋಗಬೇಕು, ರುದ್ರಮುನಿ ಬೆಂಚಿನ ಮೇಲೆ ಅಂಟಿಸಿದ ವಾಕ್ಯವನ್ನು ಓದುತ್ತ ಸಾಗಬೇಕು. ಪೇಡೆ ಬಾಯಿಗೆ ಹೋಗದೆ ಯಾರು ಕರೆದರೂ ಏಳಬಾರದು, ಎದ್ದರೆ ಇಡೀ ವಿಜ್ಞಾನವೇ ಸುಳ್ಳಾಗುತ್ತದೆ ಎಂದು ನಿಂಗಪ್ಪನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಅವನು ಮಾತಿಗೆ ತಪ್ಪುವವನಲ್ಲ.

ನಾಲ್ಕು ಭಾನುವಾರ ನಮ್ಮ ಮನೆಯ ಪಡಸಾಲೆಯಲ್ಲಿ ತಾಲೀಮು ನಡೆಯಿತು. ನಿಂಗಪ್ಪ ಪ್ರತಿ ಸಲವೂ ಅದ್ಭುತವಾಗಿ ಎದ್ದ. ಕೆಲವು ಸಲ ನಾನು ಹೇಳುವುದಕ್ಕೆ ಮುಂಚೆಯೇ ಇನ್ನೊಮ್ಮೆ ತಾಲೀಮು ಆಗಲಿ ಎಂದು ತಾನೇ ಹೋಗಿ ಕೂತ. ಪೇಡೆ ಮಾಡಿ ಮಾಡಿ ಬೇಸತ್ತ ಗಿರಿಜೆ ಕೊನೆಯ ತಾಲೀಮನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಪೂರಾ ನೋಡಿದಳು.

“ಇದು ಆ ಕಚೇರಿ ಕತಿ ಅಲ್ಲೇನ್ರಿ?” ಎಂದಳು.

ಇದು ಬ್ಯಾಕ್ಟೀರಿಯದ ಕತೆ ಎಂದೆ. ಎಲ್ಲವನ್ನೂ ಮನೆಯ ತಾಪತ್ರಯದ ಕಣ್ಣಿನಿಂದಲೇ ನೋಡಬಾರದು, ಶುದ್ಧ ವಿಜ್ಞಾನ ಎಂಬುದೊಂದಿದೆ ಎಂದು ಮೃದುವಾಗಿ ತಿಳಿಹೇಳಿದೆ. ರುದ್ರಮುನಿ ಯಾಕೋ ಕೆಮ್ಮಿದ.

ಆ ಸೋಮವಾರ ಸಂಜೆ ಸಭಾಂಗಣ ತುಂಬಿತ್ತು. ಗುಡಿಗೆ ಹೋಗಿ ಬಂದವರು ವಿಭೂತಿ ಹಚ್ಚಿಕೊಂಡೇ ಬಂದು ಕೂತಿದ್ದರು. ಕಾರ್ಖಾನೆ ಬಿಟ್ಟ ಮೇಲೆ ಬಂದವರು ಗೋಡೆಗೆ ಒರಗಿ ನಿಂತಿದ್ದರು. ಗಿರಿಜೆ ಹೆಂಗಸರ ಸಾಲಿನಲ್ಲಿದ್ದಳು. ಸಾಹೇಬರು ಮುಚ್ಚುಗೊರಳಿನ ಕೋಟು ಹಾಕಿಕೊಂಡು ನಾಲ್ಕು ಎಳೆಯ ಹಾರದೊಳಗೆ ನೆಟ್ಟಗೆ ಕೂತರು. ಹಾರ ನನ್ನದೇ ಆಯ್ಕೆ. ಸ್ವಲ್ಪ ಹೆಚ್ಚೇ ದಪ್ಪವಾಗಿತ್ತು.

ನಾನು ಶುರು ಮಾಡಿದೆ. “ಸಭಿಕರೇ, ಮೂಲ ದಾಖಲೆ ಎಂದೂ ಹೊರಗೆ ಬರುವುದಿಲ್ಲ. ನಮಗೆ ಸಿಗುವುದು ನಕಲು ಮಾತ್ರ.” ಸಭೆಯಲ್ಲಿ ಸಣ್ಣಗೆ ನಗು ಹರಿಯಿತು. ಹರಿಹರದ ಜನಕ್ಕೆ ವಿಜ್ಞಾನ ಇಷ್ಟು ಬೇಗ ಹಿಡಿಸಿತಲ್ಲ ಎಂದು ಹಿಗ್ಗಿದೆ. ಆ ನಕಲು ತೆಗೆಯಲು ಒಬ್ಬ ಗುಮಾಸ್ತನಿದ್ದಾನೆ ಎಂದೆ, ನಗು ಇನ್ನಷ್ಟಾಯಿತು. ಗುಮಾಸ್ತ ಕೆಲಸಕ್ಕೆ ಸಿದ್ಧ, ಆದರೆ ಅವನ ದಾರಿಗೆ ಅಡ್ಡವಾಗಿ ಒಬ್ಬ ಕೂತಿದ್ದಾನೆ, ಸಿಹಿ ಮುಟ್ಟುವ ತನಕ ಅವನು ಏಳುವುದಿಲ್ಲ ಎಂದು ನಿಂಗಪ್ಪನತ್ತ ಕೈ ತೋರಿಸಿದೆ. ಗೋಡೆಗೆ ಒರಗಿದ್ದವರು ಚಪ್ಪಾಳೆ ಹೊಡೆದರು. ಚಪ್ಪಾಳೆ ಬಿದ್ದರೆ ನನಗೆ ಸ್ವರ ಏರುತ್ತದೆ. “ಇದು ಒಂದು ಕಡೆಯ ಮಾತಲ್ಲ, ಜೀವ ಇರುವ ಕಡೆಯಲ್ಲೆಲ್ಲ ವ್ಯವಸ್ಥೆ ಹೀಗೆಯೇ” ಎಂದೆ. ಆ ವಾಕ್ಯಕ್ಕೆ ಬಿದ್ದಂಥ ಚಪ್ಪಾಳೆ ನನ್ನ ಬದುಕಿನಲ್ಲಿ ಇನ್ನು ಬೀಳಲಾರದು.

ಸಾಹೇಬರ ಕಡೆ ನೋಡಿದೆ. ಅವರು ಹಾರ ತೆಗೆದು ಮೇಜಿನ ಮೇಲಿಟ್ಟಿದ್ದರು. ಸೆಕೆ ಇರಬೇಕು ಎಂದುಕೊಂಡೆ.

ಮುರಿಗೆಪ್ಪನವರು ಕೊಟ್ಟ ಬೆಂಚು ನಮ್ಮ ತಾಲೀಮಿನ ಬೆಂಚಿಗಿಂತ ಚಿಕ್ಕದು. ರುದ್ರಮುನಿ ನಿಂಗಪ್ಪನ ಬೆನ್ನಿಗೆ ಮೂಗು ತಾಗಿಸಿಕೊಂಡು ನಿಲ್ಲಬೇಕಾಯಿತು. ಅವನಿಗೆ ಕಾಲೇಜಿನಲ್ಲಿ ಚಪ್ಪಾಳೆ ಸಿಕ್ಕಿದ್ದು ಕಡಿಮೆ. ಸಿಕ್ಕ ಅವಕಾಶ ಬಿಡದೆ ಕರ್ಚೀಫು ತೆಗೆದು ಮುಖ ಒರೆಸಿಕೊಂಡು, ಬರೆದುಕೊಡದ ಮಾತೊಂದನ್ನು ಆಡಿದ.

“ಸ್ವಾಮೇರ, ನಮ್ಮ ಕೆಲಸ ಯಾವಾಗ ಆಗ್ತೈತ್ರಿ?”

ನಿಂಗಪ್ಪ ಸರಕಾರಿ ಕಚೇರಿಗಳನ್ನು ಕಂಡವನು. “ನಾಳೆ ಬರ್ರಿ” ಎಂದ.

ಸಭಾಂಗಣದ ಹಂಚು ಹಾರಿಹೋಗುತ್ತದೆ ಅನ್ನಿಸಿತು. ಜನ ನಗುತ್ತಿರುವುದು ಬ್ಯಾಕ್ಟೀರಿಯಕ್ಕಲ್ಲ ಎಂದು ಆಗ ನನಗೆ ಮೊದಲ ಬಾರಿಗೆ ಹೊಳೆಯಿತು. ಹೆಂಗಸರ ಸಾಲಿನಲ್ಲಿ ಗಿರಿಜೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನಗುವಿಗೋ ಗಾಬರಿಗೋ ಗೊತ್ತಾಗಲಿಲ್ಲ. ಬೇಗ ಪೇಡೆ ಕೊಟ್ಟು, ತಡೆಗಾರನನ್ನು ಎಬ್ಬಿಸಿ, ಜೀನ್ ಚಾಲೂ ಮಾಡಿ ಕೂತುಬಿಡೋಣ ಎಂದು ಡಬ್ಬಿ ತೆಗೆದು ನಿಂಗಪ್ಪನ ಮುಂದೆ ಹಿಡಿದೆ.

ನಿಂಗಪ್ಪ ಪೇಡೆಯನ್ನು ನೋಡಿದ. ನನ್ನನ್ನು ನೋಡಿದ. “ಬ್ಯಾಡ್ರಿ ಸಾರ್” ಎಂದ.

“ಯಾಕ?”

“ಶ್ರಾವಣ ಸೋಮವಾರ ಐತ್ರಿ. ಪೂಜಿ ಆಗೋತನ ಏನೂ ಮುಟ್ಟಂಗಿಲ್ರಿ.”

ನಾಲ್ಕು ತಾಲೀಮೂ ಭಾನುವಾರವೇ ನಡೆದಿದ್ದವು. ನಾನು ಪಿಸುಮಾತಿನಲ್ಲಿ, ತಿನ್ನದಿದ್ದರೂ ಚಿಂತೆಯಿಲ್ಲ, ಎದ್ದು ಹೋಗು ಎಂದೆ. ಅವನು ಪಿಸುಗುಟ್ಟುವವನಲ್ಲ.

“ತಿನ್ನದ ಎದ್ರೆ ಸುಳ್ಳಾಗ್ತೈತಿ ಅಂದಿದ್ರಲ್ರಿ” ಎಂದು ಸಭೆಗೆಲ್ಲ ಕೇಳುವಂತೆ ಹೇಳಿ ಇನ್ನಷ್ಟು ಭದ್ರವಾಗಿ ಕೂತ.

ಹಿಂದಿನ ಸಾಲಿನಿಂದ ಒಬ್ಬರು, ತಗೊಳ್ಳದವರೂ ಒಬ್ಬರು ಅದಾರಲ್ಲಪ್ಪ ಎಂದು ನಿಟ್ಟುಸಿರು ಬಿಟ್ಟರು. ಇನ್ನೊಬ್ಬರು, ಪೇಡೆ ಸಾಲದು, ಬೇರೆ ಏನಾದರೂ ತೋರಿಸಿ ನೋಡ್ರಿ ಎಂದು ಸಲಹೆ ಕೊಟ್ಟರು. ನಾನು ವಿಜ್ಞಾನವನ್ನು ಉಳಿಸಿಕೊಳ್ಳುವ ಸಾಹಸ ಮಾಡಿದೆ. ಇಂಥದ್ದೂ ಪ್ರಕೃತಿಯಲ್ಲಿ ಉಂಟು, ಕೆಲವು ತಡೆಗಾರರು ಕೆಟ್ಟುಹೋಗಿರುತ್ತಾರೆ, ಸಿಹಿ ಬಂದರೂ ಅವರು ಏಳುವುದಿಲ್ಲ, ಆ ಜೀನ್ ಶಾಶ್ವತವಾಗಿ ಮುಚ್ಚಿಹೋಗುತ್ತದೆ ಎಂದೆ. ಸಿಹಿ ಮುಟ್ಟದವನನ್ನು ಕೆಟ್ಟವನು ಎಂದು ವೇದಿಕೆಯ ಮೇಲೆ ಘೋಷಿಸಿದ ಮೊದಲ ಮೇಷ್ಟ್ರು ನಾನೇ ಇರಬೇಕು. ತಡೆಯುವವರಷ್ಟೇ ಅಲ್ಲ, ಪಕ್ಕದಲ್ಲಿ ನಿಂತು ಗುಮಾಸ್ತನನ್ನು ಕೈಹಿಡಿದು ಕರೆತರುವ ಪ್ರೋಟೀನುಗಳೂ ಇವೆ, ಅವು ಇಲ್ಲದಿದ್ದರೆ ಎಷ್ಟೋ ಜೀನುಗಳ ಹತ್ತಿರ ಅವನು ಸುಳಿಯುವುದೇ ಇಲ್ಲ ಎಂದೂ ಸೇರಿಸಿದೆ. “ಅವ್ರಿಗೆ ನಾವು ಏಜೆಂಟ್ರು ಅಂತೀವ್ರಿ” ಎಂದು ಯಾರೋ ಪಾರಿಭಾಷಿಕ ಪದ ಒದಗಿಸಿದರು.

ನಾನು ಕೂತುಬಿಟ್ಟೆ. ನಿಂಗಪ್ಪ ಬೆಂಚಿನ ಮೇಲೆ, ರುದ್ರಮುನಿ ಅವನ ಬೆನ್ನ ಹಿಂದೆ, ಇಬ್ಬರೂ ಹಾಗೇ ಇದ್ದರು. ಸಾಹೇಬರ ಮುಖ ಕಂಡ ಮುರಿಗೆಪ್ಪನವರು ಪರಿಸ್ಥಿತಿ ತಿಳಿಮಾಡಲು ಅವರ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ತಿಳಿಯಿತು: ಮೇಷ್ಟ್ರು ತಮ್ಮ ಮೇಲೆ ಬಹಳ ಗೌರವ ಇಟ್ಟವರು, ಅವರ ಮನೆಯ ಕಡತವೂ ತಮ್ಮಲ್ಲೇ ಇದೆ, ತಮ್ಮನ್ನೇ ಕರೆಯಬೇಕೆಂದು ಹಟ ಮಾಡಿದವರು ಅವರೇ ಎಂದಿದ್ದರಂತೆ. ಸಾಹೇಬರು ಎದ್ದು ನಿಂತರು. ಅಧ್ಯಕ್ಷ ಭಾಷಣ ಮೂರೇ ವಾಕ್ಯ.

“ಮಾಸ್ತರ ಉಪನ್ಯಾಸ ಕೇಳಿದೆ. ಅವರ ಕಡತ ನಮ್ಮಲ್ಲಿ ಐತೆ ಅಂತ ಈಗ ತಿಳೀತು. ನೋಡೋಣ.”

ಆ ‘ನೋಡೋಣ’ದಲ್ಲಿ ನನ್ನ ಕಡತದ ಗತಿ ನನಗೆ ಸ್ಪಷ್ಟವಾಯಿತು. ವಾಪಸು ಬರುವ ಬಸ್ಸಿನಲ್ಲಿ ರುದ್ರಮುನಿ ಮತ್ತು ನಿಂಗಪ್ಪ ತಮ್ಮ ತಮ್ಮ ಅಭಿನಯದ ಬಗ್ಗೆ ಮಾತಾಡಿಕೊಂಡರು. ಇಪ್ಪತ್ತು ದಿನದಲ್ಲಿ ಆ ಚಪ್ಪರಕ್ಕೆ ಗೋಡೆ ಏಳುತ್ತದೆ ಎಂದು ನಾನೇ ಲೆಕ್ಕ ಹಾಕಿದೆ.

ಮರುದಿನ ರಜೆ ಹಾಕಿ ಬೆಳಗಿನ ರೈಲಿಗೆ ಹೊರಟೆ. ಸಾಹೇಬರ ಮನೆಗೇ ಹೋಗಿ, ನನ್ನ ಮಾತಿನಲ್ಲಿ ಯಾವ ಕುಹಕವೂ ಇರಲಿಲ್ಲ, ಅದು ಬರೀ ಬ್ಯಾಕ್ಟೀರಿಯ ಎಂದು ವಿನಯದಿಂದ ಹೇಳಿ ಬರುವುದು. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂಬ ಸಂಸ್ಕಾರ ನನ್ನಲ್ಲಿ ಬಲವಾಗಿದೆ. ಗಿರಿಜೆ ಹಿತ್ತಲಲ್ಲಿದ್ದಳು. ಅಡುಗೆಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಕೈಗೆತ್ತಿಕೊಂಡು ಹೊರಟುಬಿಟ್ಟೆ.

ಸಾಹೇಬರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದರು. ನಾನು ನಮಸ್ಕಾರ ಮಾಡಿದೆ. ಅವರು ನನ್ನ ಮುಖ ನೋಡಲಿಲ್ಲ, ಕೈ ನೋಡಿದರು.

“ಏನ್ರಿ ಅದು?”

“ಪೇಡೆ, ಸಾರ್” ಎಂದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೆ ಅರ್ಥವಾಯಿತು. ಡಬ್ಬಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಲು ಹೋಗಿ ಮುಚ್ಚಳ ಬಿತ್ತು. ಉರುಳಿಕೊಂಡು ಸಾಹೇಬರ ಕಾಲಿನ ಹತ್ತಿರ ಹೋಗಿ ನಿಂತಿತು.

ಅವರು ಮುಚ್ಚಳವನ್ನು ಬಗ್ಗಿ ಎತ್ತಿಕೊಟ್ಟರು. “ಈಗ ನಾನು ಎದ್ದು ಒಳಗೆ ಹೋಗಬೇಕೇನ್ರಿ ಮಾಸ್ತರೇ?” ಎಂದು ಕೇಳಿ, ಏಳದೆ, ಮತ್ತೆ ಪೇಪರು ಬಿಡಿಸಿಕೊಂಡರು.

ಜೀವನದಲ್ಲಿ ಲಂಚ ಕೊಡದವನು ಎಂದು ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ ನಾನು ತೆರೆದ ಪೇಡೆ ಡಬ್ಬಿ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದೆ. ಎದುರುಮನೆಯ ಅಜ್ಜಿಯೊಬ್ಬರು ಕೈ ಚಾಚಿದರು. ಅವರಿಗೆ ಪೂರಾ ಡಬ್ಬಿ ಕೊಟ್ಟು ಬಂದೆ.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಗಿರಿಜೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ, ಆಗಲಿಲ್ಲ. ಡಬ್ಬಿ ಎಲ್ಲಿ ಎಂದು ಮಾತ್ರ ಕೇಳಿದಳು. ಬುಧವಾರ ಬೆಳಿಗ್ಗೆ ಸೀರೆ ಬದಲಾಯಿಸಿ, ಅಪ್ಪ ಬರೆದುಕೊಟ್ಟ ಪತ್ರವನ್ನು ಚೀಲದಲ್ಲಿ ಹಾಕಿಕೊಂಡು ಒಬ್ಬಳೇ ಹರಿಹರಕ್ಕೆ ಹೋದಳು. ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸು ಬಂದು, ಖಾತೆ ಆಯಿತು ಎಂದಳು.

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದೆ. ಏನು ಕೊಟ್ಟೆ ಎಂದು ಕೇಳಿದೆ.

“ಸಹಿ ಕೊಟ್ಟೆ. ಮನಿ ನಂದು, ಅರ್ಜಿ ಮ್ಯಾಲೆ ನಿಮ್ಮ ಸಹಿ ಐತೆ. ನನ್ನ ಸಹಿ ಬೇಕು ಅಂತ ಅವ್ರು ಕಾಲೇಜಿನ ವಿಳಾಸಕ್ಕೆ ಎರಡು ಸಲ ಕಾರ್ಡು ಬರ್ದಾರಂತೆ.”

ಗುಮಾಸ್ತ ಪಾಪದ ಮನುಷ್ಯನಂತೆ. ಮೇಷ್ಟ್ರು ಬಂದಾಗಲೆಲ್ಲ ‘ಆಯ್ತೇನ್ರಿ’ ಎಂದು ಕೇಳುತ್ತಿದ್ದರು, ಆಗಿರಲಿಲ್ಲ, ‘ಇಲ್ರಿ’ ಎನ್ನುತ್ತಿದ್ದೆ. ಯಾಕೆ ಎಂದು ಒಂದು ಸಲ ಕೇಳಿದ್ದರೆ ಹೇಳುತ್ತಿದ್ದೆ ಎಂದನಂತೆ. ಕೇಳದಿದ್ದರೂ ತಾನಾಗಿ ಹೇಳಿದ್ದರೆ ಅವನ ನಾಲಿಗೆಯೇನೂ ಸವೆಯುತ್ತಿರಲಿಲ್ಲ. ಆದರೆ ಆ ಮಾತನ್ನು ಹೇಳುವ ಹಕ್ಕು ನನಗೆ ಉಳಿದಿರಲಿಲ್ಲ. ಮರುದಿನ ಕಾಲೇಜಿನ ನನ್ನ ಮೇಜಿನ ಡ್ರಾ ಎಳೆದು ನೋಡಿದೆ. ಎರಡು ಕಾರ್ಡುಗಳೂ ಇದ್ದವು. ಎರಡನ್ನೂ ಪುಸ್ತಕಗಳಲ್ಲಿ ಪುಟದ ಗುರುತಿಗೆ ಇಟ್ಟಿದ್ದೆ.

ಸಾಹೇಬರು ಗಿರಿಜೆಯನ್ನು ಕೂರಿಸಿ ಮಾತಾಡಿಸಿದರಂತೆ. ಅವರಿಗೆ ಒಂದು ಸಂಶಯ ಉಳಿದಿತ್ತಂತೆ: ಆ ಹಾಲಿನ ಸಕ್ಕರೆ ಪೂರಾ ತೀರಿಹೋದ ಮೇಲೆ ಏನಾಗುತ್ತದೆ? ನನ್ನ ಉಪನ್ಯಾಸ ಅಲ್ಲಿಯ ತನಕ ಹೋಗಿರಲೇ ಇಲ್ಲ. ತಡೆಗಾರ ಮತ್ತೆ ಬಂದು ಅದೇ ಜಾಗದಲ್ಲಿ ಕೂರುತ್ತಾನೆ, ಜೀನ್ ಮುಚ್ಚಿಕೊಳ್ಳುತ್ತದೆ, ಬೇಡದ ಕತ್ತರಿ ಮಾಡುತ್ತ ಕೂರುವಷ್ಟು ದಂಡ ಜೀವಿ ಅದಲ್ಲ ಎಂದು ಗಿರಿಜೆ ಉತ್ತರ ಕೊಟ್ಟಳಂತೆ. ನಾಲ್ಕು ಭಾನುವಾರ ಅಡುಗೆಮನೆಯಿಂದ ಕೇಳಿಸಿಕೊಂಡದ್ದು. ಸಾಹೇಬರು ತಲೆದೂಗಿದರಂತೆ. ಅಂದರೆ ಅವತ್ತು ತುಂಬಿದ ಸಭೆಯಲ್ಲಿ ವಿಜ್ಞಾನವನ್ನು ವಿಜ್ಞಾನವೆಂದು ಕೇಳಿದವರು ಅವರೊಬ್ಬರೇ. ನಾನು ಅವಮಾನ ಮಾಡಿದ್ದೂ ಅವರೊಬ್ಬರಿಗೇ.

ಖಾತೆಯ ಕಾಗದ ತೋರಿಸಿದ ವಾರದಲ್ಲೇ ಎಮ್ಮೆ, ಮೇವು, ಹೊರಸು ಜಾಗ ಖಾಲಿ ಮಾಡಿದವು. ನಾವು ಮುಂದಿನ ಬೇಸಿಗೆಗೆ ಆ ಮನೆಗೆ ಸುಣ್ಣ ಹೊಡೆಸಿದೆವು.

ಮರುವರ್ಷ ಮಳೆಗಾಲದಲ್ಲಿ ಮುರಿಗೆಪ್ಪನವರ ಪತ್ರ ಬಂತು. ಕಳೆದ ವರ್ಷದ ಕಾರ್ಯಕ್ರಮವನ್ನು ಊರಿನ ಜನ ಇನ್ನೂ ನೆನೆಸಿಕೊಳ್ಳುತ್ತಿದ್ದಾರೆ, ಈ ಶ್ರಾವಣದಲ್ಲೂ ಆ ಪ್ರಹಸನವನ್ನು ಮತ್ತೊಮ್ಮೆ ಆಡಿಸಬೇಕೆಂದು ಸಂಘದ ತೀರ್ಮಾನವಾಗಿದೆ. ನಡುನಡುವೆ ಬರುವ ವಿಜ್ಞಾನದ ಭಾಗವನ್ನು ಕೈಬಿಟ್ಟರೆ ಇನ್ನೂ ಕಳೆ ಕಟ್ಟುತ್ತದೆ. ಆದ್ದರಿಂದ ಶ್ರೀ ನಿಂಗಪ್ಪ ಮತ್ತು ಶ್ರೀ ರುದ್ರಮುನಿಯವರನ್ನು ಮಾತ್ರ ದಯವಿಟ್ಟು ಕಳಿಸಿಕೊಡಬೇಕು, ತಮಗೆ ತೊಂದರೆ ಬೇಡ ಎಂದು ಬರೆದಿದ್ದರು.

ನಿಂಗಪ್ಪನ ರಜೆ ಅರ್ಜಿಗೆ ನಾನೇ ಸಹಿ ಹಾಕಿದೆ. ಇಬ್ಬರೂ ಹೋಗಿ ಆಡಿ ಬಂದರು. ಬಹಳ ಚೆನ್ನಾಗಿ ಆಯಿತಂತೆ. ಈ ಸಲ ಎಲ್ಲರಿಗೂ ಪೂರಾ ಅರ್ಥವಾಯಿತಂತೆ.